ಗ್ಯಾಸ್ ಗೀಸರ್‌ಗೆ ಎಷ್ಟು ಗಾಳಿ ಬೇಕು, ಅದು ಎಲ್ಲಿಂದ ಬರಬೇಕು?

ಗ್ಯಾಸ್ ಗೀಸರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಲೀಟರ್‌ನದು, ಸಿಲಿಂಡರ್ ಎಷ್ಟು ದಿನ ಬರುತ್ತದೆ? ಉರಿಯಲು ಎಷ್ಟು ಗಾಳಿ ಬೇಕು ಎಂದು ಕೇಳುವವರು ಅಪರೂಪ. ಪ್ರತಿ ಚಳಿಗಾಲದಲ್ಲೂ ಬಾತ್‌ರೂಮಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಬರುತ್ತದಲ್ಲ, ಅದರ ಹಿಂದಿರುವುದು ಯಾರೂ ಕೇಳದ ಆ ಪ್ರಶ್ನೆಯೇ. ಆದ್ದರಿಂದ ಲೆಕ್ಕದಿಂದಲೇ ಶುರು ಮಾಡೋಣ.

ಗೀಸರ್ ಮೇಲೆ ಬರೆದಿರುವ "6 ಲೀಟರ್" ಎಂದರೆ ನಿಮಿಷಕ್ಕೆ 6 ಲೀಟರ್ ನೀರನ್ನು ಸುಮಾರು 25 ಡಿಗ್ರಿಯಷ್ಟು ಬಿಸಿ ಮಾಡುವ ಸಾಮರ್ಥ್ಯ. ಅಂದರೆ ನೀರಿಗೆ ಸೇರುವ ಶಾಖ ಸುಮಾರು 10.5 ಕಿಲೋವ್ಯಾಟ್. ಒಂದಿಷ್ಟು ಶಾಖ ಹೊಗೆಯ ಜೊತೆ ಹೋಗುವುದರಿಂದ ಬರ್ನರ್ ಉರಿಸಬೇಕಾದದ್ದು 12.5 ಕಿಲೋವ್ಯಾಟ್ ಆಸುಪಾಸು. ಅಡುಗೆಮನೆಯ ಒಲೆಯ ದೊಡ್ಡ ಬರ್ನರ್ ಸುಮಾರು 2 ಕಿಲೋವ್ಯಾಟಿನದು. ಹಾಗಾಗಿ ಗೀಸರ್ ಹಚ್ಚುವುದೆಂದರೆ ಆರು ದೊಡ್ಡ ಬರ್ನರ್‌ಗಳನ್ನು ಒಟ್ಟಿಗೆ ಪೂರ್ತಿ ಉರಿಯಲ್ಲಿ ಇಟ್ಟಂತೆ. ಗಂಟೆಗೆ ಸುಮಾರು 1 ಕೆ.ಜಿ. ಎಲ್‌ಪಿಜಿ ಖರ್ಚಾಗುತ್ತದೆ.

ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಕನಿಷ್ಠ 12ರಿಂದ 13 ಘನ ಮೀಟರ್ ಗಾಳಿ ಬೇಕು. ನಮ್ಮ ಫ್ಲ್ಯಾಟುಗಳ ಸಾಮಾನ್ಯ ಬಾತ್‌ರೂಮ್ 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ. ಅದರಲ್ಲಿ ಹಿಡಿಯುವ ಒಟ್ಟು ಗಾಳಿ ಸುಮಾರು 8 ಘನ ಮೀಟರ್. ಕಾಲು ಗಂಟೆಯ ಸ್ನಾನಕ್ಕೆ ಗೀಸರ್ ಒಂದೇ 3 ಘನ ಮೀಟರಿಗಿಂತ ಹೆಚ್ಚು ಗಾಳಿಯ ಆಮ್ಲಜನಕವನ್ನು ಮುಗಿಸುತ್ತದೆ. ಜೊತೆಗೆ ಸುಮಾರು ಮುಕ್ಕಾಲು ಕೆ.ಜಿ. ಇಂಗಾಲದ ಡೈಆಕ್ಸೈಡನ್ನು ಅದೇ ಕೋಣೆಗೆ ಬಿಡುತ್ತದೆ.

ಆಮ್ಲಜನಕವೆಲ್ಲ ಮುಗಿದ ಮೇಲಷ್ಟೇ ಅಪಾಯ ಎಂದುಕೊಳ್ಳಬೇಡಿ. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21. ಅದು ಶೇ. 18ರ ಹತ್ತಿರ ಇಳಿಯುವಷ್ಟರಲ್ಲೇ ಉರಿ ಕೆಡಲು ಶುರುವಾಗುತ್ತದೆ. ಮೇಲಿನ ಲೆಕ್ಕದಂತೆ, ಗಾಳಿ ಆಡದ 8 ಘನ ಮೀಟರ್ ಕೋಣೆಯಲ್ಲಿ ಅಷ್ಟು ಇಳಿಯಲು ಐದಾರು ನಿಮಿಷ ಸಾಕು. ಅಲ್ಲಿಂದ ಮುಂದೆ ಇಂಗಾಲ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಏರತೊಡಗುತ್ತದೆ. ಉರಿ ಕೆಟ್ಟಷ್ಟೂ ಅದು ಹೆಚ್ಚುತ್ತದೆ. ಬಾಗಿಲ ಸಂದು, ವೆಂಟಿಲೇಟರ್ ಇದ್ದರೆ ಈ ಗಡಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಬಹಳ ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ. ಅದನ್ನೇ ದೊಡ್ಡ ಸುರಕ್ಷತೆಯೆಂದು ಅಂಗಡಿಯವರು ತೋರಿಸುತ್ತಾರೆ. ಐದಾರು ನಿಮಿಷದಲ್ಲಿ ಕೆಡುವ ಗಾಳಿಗೆ 20 ನಿಮಿಷದ ಟೈಮರ್ ಏನು ಮಾಡೀತು?

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿ ಕೆಮ್ಮು ಯಾವುದೂ ಇಲ್ಲ. "ಗ್ಯಾಸ್ ವಾಸನೆ ಬಂದರೆ ಗೊತ್ತಾಗುತ್ತದಲ್ಲ" ಎನ್ನುವವರು ಬಹಳ. ಆ ವಾಸನೆ, ಸೋರಿಕೆ ತಿಳಿಯಲೆಂದು ಎಲ್‌ಪಿಜಿಗೆ ಬೆರೆಸಿದ ಮರ್ಕ್ಯಾಪ್ಟನ್‌ನದು. ಉರಿಯಲ್ಲಿ ಅದೂ ಸುಟ್ಟುಹೋಗುತ್ತದೆ. ಉರಿದ ಗ್ಯಾಸಿನಿಂದ ಹುಟ್ಟುವ ವಿಷಕ್ಕೆ ಆ ಎಚ್ಚರಿಕೆ ಇಲ್ಲ. ಹಳೆಯ ಬಚ್ಚಲಮನೆಯ ಹಂಡೆ ಒಲೆಯಲ್ಲೂ ಇದೇ ಅನಿಲ ಹುಟ್ಟುತ್ತಿತ್ತು. ಆದರೆ ಹೆಂಚಿನ ಸಂದಿನಿಂದ ಹೊಗೆ ಹೊರಗೆ ಹೋಗುತ್ತಿತ್ತು, ಹೋಗದಿದ್ದರೆ ಕಣ್ಣು ಉರಿದು ಜನರೇ ಹೊರಗೆ ಓಡುತ್ತಿದ್ದರು. ತಾರಸಿ, ಟೈಲ್ಸ್, ಬಿಗಿಯಾಗಿ ಮುಚ್ಚುವ ಫೈಬರ್ ಬಾಗಿಲಿನ ಇಂದಿನ ಬಾತ್‌ರೂಮಿನಲ್ಲಿ ಸಂದೂ ಇಲ್ಲ, ಹೊಗೆಯೂ ಇಲ್ಲ.

ರಕ್ತದ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ 400 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 400 ಭಾಗ) ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು. 1,600 ಪಿಪಿಎಂ ಆದರೆ 20 ನಿಮಿಷದಲ್ಲಿ ತಲೆಸುತ್ತು, ವಾಕರಿಕೆ, ಗಂಟೆಯೊಳಗೆ ಸಾವು. 3,200 ಪಿಪಿಎಂ ಇದ್ದರೆ ಅರ್ಧ ಗಂಟೆ ಸಾಕು. ಕಾಲಲ್ಲಿ ಶಕ್ತಿ ಹೋಗುವುದು, ಮಂಪರು ಕವಿಯುವುದು ಮೊದಲು ಆಗುತ್ತದೆ. ಹಾಗಾಗಿ ಏನೋ ಸರಿಯಿಲ್ಲ ಎಂದು ಅನಿಸಿದರೂ ಎದ್ದು ಚಿಲಕ ತೆಗೆಯಲು ಆಗುವುದಿಲ್ಲ. ಮಕ್ಕಳು, ಗರ್ಭಿಣಿಯರು, ರಕ್ತಹೀನತೆ ಇರುವವರು, ಹೃದ್ರೋಗಿಗಳು ಇನ್ನೂ ಬೇಗ ಸಿಲುಕುತ್ತಾರೆ.

ಮನೆಯಲ್ಲಿ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ, ಮೊದಲಿನವರು ಬಿಟ್ಟ ಕೆಟ್ಟ ಗಾಳಿಯಲ್ಲೇ ಎರಡನೆಯವರ ಗೀಸರ್ ಹೊತ್ತಿಕೊಳ್ಳುತ್ತದೆ. "ನಾನು ಈಗಷ್ಟೇ ಮಾಡಿ ಬಂದೆನಲ್ಲ, ಏನೂ ಆಗಲಿಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ?

ಸ್ನಾನದ ಕೋಣೆಯಲ್ಲಿ ಗೀಸರ್ ಇಟ್ಟವರ ಸಾಮಾನ್ಯ ಸಮಾಧಾನ ಇದು. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆ, ನಿಜ. ಆದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕು. ಬಾಗಿಲು ಬಿಗಿಯಾಗಿದ್ದು, ಕೆಳಗೆ ಅರ್ಧ ಇಂಚು ಸಂದೂ ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಸದ್ದು ಬರುತ್ತದೆ, ಗಾಳಿ ಮಾತ್ರ ಸಾಗುವುದಿಲ್ಲ. ಇನ್ನು ಕೆಲವು ಕಡೆ ಫ್ಯಾನ್ ಕೂರಿಸಿರುವುದೇ ಲೂವರ್ ಗಾಜಿನ ವೆಂಟಿಲೇಟರಿನ ಮೇಲ್ಭಾಗದಲ್ಲಿ. ಆಗ ಕೆಳಗಿನ ಗಾಜಿನ ಸಂದಿನಿಂದ ಬಂದ ಗಾಳಿ ಅಲ್ಲೇ ತಿರುಗಿ ಫ್ಯಾನಿನಿಂದ ಹೊರಗೆ ಹೋಗುತ್ತದೆ. ಎದುರು ಗೋಡೆಯ ಗೀಸರ್ ಬಳಿಯ ಗಾಳಿ ಕದಲುವುದಿಲ್ಲ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಬ್ಯಾಟರಿಯಲ್ಲಿ ಹೊತ್ತಿಕೊಳ್ಳುವ ಗೀಸರ್ ನಿಲ್ಲುವುದಿಲ್ಲ. ಚಿಮಣಿ ಕೊಳವೆ ಇರುವ ಗೀಸರ್ ಆದರೆ ಇನ್ನೂ ಕಷ್ಟ: ಒಳಗೆ ಬರಲು ಬೇರೆ ದಾರಿಯಿಲ್ಲದಿದ್ದಾಗ ಫ್ಯಾನ್ ಆ ಕೊಳವೆಯಿಂದಲೇ ಹೊಗೆಯನ್ನು ಕೋಣೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ತೆರೆದಿಟ್ಟ ವೆಂಟಿಲೇಟರ್ ಸಾಲದೇ ಎಂದರೆ, ಮುಚ್ಚಲು ಬರುವ ಕಿಂಡಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಸೆಂಬರಿನ ಬೆಳಗಿನ ಜಾವ ಸ್ನಾನಕ್ಕೆ ನಿಂತವರು ಲೂವರ್ ಗಾಜು ಇಳಿಸಿಯೇ ಇಳಿಸುತ್ತಾರೆ. ಗಾಜು ಮುರಿದಿದ್ದರೆ ರಟ್ಟು ಸಿಕ್ಕಿಸುತ್ತಾರೆ. ಚಳಿಗೆ ಗಾಳಿ ಮುಚ್ಚುವ ಹೊತ್ತೂ ಗೀಸರ್ ಹೆಚ್ಚು ಹೊತ್ತು ಉರಿಯುವ ಹೊತ್ತೂ ಒಂದೇ. ಕಿಂಡಿ ಶಾಶ್ವತವಾಗಿ ತೆರೆದಿರಬೇಕು, ಯಾರ ಕೈಗೂ ಮುಚ್ಚಲು ಸಿಗಬಾರದು.

ಬ್ರಿಟನ್ನಿನಲ್ಲಿ 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ, ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಗ್ಯಾಸ್ ಉಪಕರಣವನ್ನು ಸ್ನಾನದ ಕೋಣೆಯಲ್ಲಿ ಹೊಸದಾಗಿ ಕೂರಿಸುವಂತಿಲ್ಲ. ಹೊರಗಿನಿಂದ ಗಾಳಿ ಎಳೆದು ಹೊರಕ್ಕೇ ಹೊಗೆ ಬಿಡುವ, ಒಳಕ್ಕೆ ಪೂರ್ತಿ ಮುಚ್ಚಿರುವ ಬಗೆಯದು ಮಾತ್ರ ಸರಿ. ಅಮೆರಿಕದ ಗ್ಯಾಸ್ ಕೋಡ್‌ ಒಂದು ಕಿಲೋವ್ಯಾಟಿಗೆ 4.8 ಘನ ಮೀಟರ್ ಕೋಣೆ ಇದ್ದರಷ್ಟೇ ಆ ಕೋಣೆಯ ಗಾಳಿಯನ್ನು ಸಾಕೆಂದು ಒಪ್ಪುತ್ತದೆ. ನಮ್ಮ 12.5 ಕಿಲೋವ್ಯಾಟ್ ಗೀಸರ್‌ಗೆ ಆ ಲೆಕ್ಕ ಹಾಕಿದರೆ 60 ಘನ ಮೀಟರ್, ಅಂದರೆ ಒಂದು ದೊಡ್ಡ ಹಾಲ್. ಅದೂ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಉಪಕರಣಗಳಿಗೆ ಹೇಳಿದ ಮಾತು. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನವಕ್ಕೆ ಕೊಳವೆಯೇ ಇಲ್ಲ. ಮೇಲ್ಭಾಗದ ಸೀಳುಗಳಿಂದ ಹೊಗೆ ನೇರ ಕೋಣೆಗೇ ಬರುತ್ತದೆ. ಹಾಗಾಗಿ 8 ಘನ ಮೀಟರಿನ ಬಾತ್‌ರೂಮಿನಲ್ಲಿ ಕೊಳವೆಯಿಲ್ಲದ ಗ್ಯಾಸ್ ಗೀಸರ್‌ಗೆ ಸುರಕ್ಷಿತ ಜಾಗವೇ ಇಲ್ಲ. ದೊಡ್ಡ ಕಿಟಕಿ, ದೊಡ್ಡ ಫ್ಯಾನ್ ಎಂದು ಅಲ್ಲೇ ಸರಿಪಡಿಸಲು ಹೋಗುವ ಬದಲು ಗೀಸರನ್ನೇ ಹೊರಗೆ ತನ್ನಿ.

ಹೊರಗೆ ಎಂದರೆ ಎಲ್ಲಿ, ಹೇಗೆ

ಅತ್ಯುತ್ತಮ ಜಾಗವೆಂದರೆ ಆಕಾಶಕ್ಕೆ ತೆರೆದ ಯುಟಿಲಿಟಿ, ಬಾಲ್ಕನಿ, ಅಥವಾ ಬಾತ್‌ರೂಮಿನ ಹೊರಗೋಡೆ. ಅಲ್ಲಿಂದ ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಪೈಪ್ ಸಿಪಿವಿಸಿಯದೇ ಆಗಿರಬೇಕು. ಸಾಮಾನ್ಯ ಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ. ಮೂರು ನಾಲ್ಕು ಮೀಟರ್ ದೂರವಾದರೆ ಮೇಲೆ ಕಪ್ಪು ಫೋಮ್ ಸುತ್ತಿದರೆ ಶಾಖ ಉಳಿಯುತ್ತದೆ.

ಇಷ್ಟು ಸುಲಭವಾದರೂ ಪ್ಲಂಬರ್‌ಗಳು ಏಕೆ ಬಾತ್‌ರೂಮಿನೊಳಗೇ ಕೂರಿಸುತ್ತಾರೆ? ನೀರಿನ ಒತ್ತಡಕ್ಕಾಗಿ. ಗ್ಯಾಸ್ ಗೀಸರ್ ಹೊತ್ತಿಕೊಳ್ಳಲು ನೀರು ಒಂದು ರಬ್ಬರ್ ಪೊರೆಯನ್ನು ತಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ 0.2ರಿಂದ 0.3 ಬಾರ್ ಒತ್ತಡ, ನಿಮಿಷಕ್ಕೆ ಎರಡು ಎರಡೂವರೆ ಲೀಟರ್ ಹರಿವು ಬೇಕು. ತಾರಸಿ ಟ್ಯಾಂಕಿನ ನೀರಿನ ಮಟ್ಟ ಗೀಸರ್‌ಗಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡವೇ 0.3 ಬಾರ್. ಅಂದರೆ ಮೇಲಿನ ಅಂತಸ್ತಿನಲ್ಲಿ ಅದು ಅಂಚಿನ ಮೇಲೇ ಇರುತ್ತದೆ. ಪೈಪ್ ಉದ್ದವಾಗಿ, ನಾಲ್ಕು ಎಲ್ಬೋ ಬಿದ್ದರೆ ಗೀಸರ್ ಹೊತ್ತುವುದೇ ಇಲ್ಲ, ಮನೆಯವರು ಬೈಯುತ್ತಾರೆ. ಹಾಗಾಗಿ ಪ್ಲಂಬರ್ ನಲ್ಲಿಯ ಪಕ್ಕದಲ್ಲೇ ಕೂರಿಸಿ ಹೋಗುತ್ತಾನೆ. ಇದಕ್ಕೆ ಉತ್ತರ: ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನ ಪೈಪ್, ಆದಷ್ಟು ಕಡಿಮೆ ತಿರುವು, ತಣ್ಣೀರು ಒಳಬರುವಲ್ಲಿರುವ ಜಾಲರಿ ಫಿಲ್ಟರ್‌ನ ಆಗಾಗಿನ ಶುಚಿ, ಸಣ್ಣ ತೂತಿನ ಶವರ್ ತೆಗೆದು ಬಕೆಟ್ ನಲ್ಲಿ. ಅದೂ ಸಾಲದಿದ್ದರೆ ಚಿಕ್ಕ ಪ್ರೆಶರ್ ಪಂಪ್. ಈ ಮಾತನ್ನು ಕೆಲಸ ಶುರುವಾಗುವ ಮೊದಲೇ ಪ್ಲಂಬರ್ ಜೊತೆ ಆಡಿ. ಗೀಸರ್ ಕೂರಿಸಿದ ಮೇಲೆ ಯಾರೂ ಬಿಚ್ಚಿ ಹೊರಗೆ ಹಾಕುವುದಿಲ್ಲ.

ಗೋಡೆಯ ಮೇಲೆ, ಉರಿ ಕಾಣುವ ಕಿಂಡಿ ನಿಂತವರ ಕಣ್ಣಿನ ಎತ್ತರಕ್ಕೆ ಬರಲಿ. ಮೇಲೆ ಕನಿಷ್ಠ 40ರಿಂದ 60 ಸೆಂಟಿಮೀಟರ್, ಎರಡು ಪಕ್ಕದಲ್ಲಿ 15 ಸೆಂಟಿಮೀಟರ್ ಖಾಲಿ ಇರಲಿ. ಸಜ್ಜೆಯ ಕೆಳಗೆ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಬೇಡ. ಬಾತ್‌ರೂಮಿನ ಅಥವಾ ಮಲಗುವ ಕೋಣೆಯ ಕಿಟಕಿಯ ಕೆಳಗಂತೂ ಬೇಡವೇ ಬೇಡ, ಏಕೆಂದರೆ ಬಿಸಿ ಹೊಗೆ ಮೇಲೇರಿ ಆ ಕಿಟಕಿಯಿಂದಲೇ ಒಳಗೆ ಬರುತ್ತದೆ. ಕಿಟಕಿಯಿಂದ ಒಂದು ಮೀಟರಾದರೂ ಪಕ್ಕಕ್ಕೆ ಸರಿಸಿ.

ಗಾಳಿಗೆ ಉರಿ ಆರುತ್ತದೆ ಎಂದು ಕೆಲವರು ಗೀಸರ್ ಸುತ್ತ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಸುತ್ತಾರೆ. ಮಳೆಗೆಂದು ಪ್ಲಾಸ್ಟಿಕ್ ಕವರ್ ಹೊದಿಸುತ್ತಾರೆ. ಎರಡೂ ಬಾತ್‌ರೂಮಿನ ತೊಂದರೆಯನ್ನೇ ಚಿಕ್ಕ ಜಾಗದಲ್ಲಿ ಮತ್ತೆ ಮಾಡಿದಂತೆ. ಗಾಳಿ ಬರುವ ಪಕ್ಕಕ್ಕೆ ಒಂದು ತಗಡಿನ ಅಡ್ಡಹಲಗೆ, ಮೇಲೆ ಹೇಳಿದಷ್ಟು ಜಾಗ ಬಿಟ್ಟು ಮಳೆ ತಡೆಯುವ ಚಾಚು ಸಾಕು. ಕೆಳಗೂ ಮುಂದೆಯೂ, ಚಾಚಿನವರೆಗೆ ಮೇಲೂ ತೆರೆದಿರಲಿ.

ಯುಟಿಲಿಟಿಗೆ ಗಾಜು ಹಾಕಿಸಿ ಮುಚ್ಚಿಬಿಟ್ಟಿದ್ದರೆ ಅದು ಹೊರಗೂ ಅಲ್ಲ, ಒಳಗೂ ಅಲ್ಲ. ಅಲ್ಲಿ ಹೊರಗೋಡೆಯಲ್ಲಿ ಎರಡು ಕಿಂಡಿ ಬೇಕೇ ಬೇಕು. ಒಂದು ನೆಲದಿಂದ 30 ಸೆಂಟಿಮೀಟರ್ ಒಳಗೆ, ಇನ್ನೊಂದು ಸೂರಿನಿಂದ 30 ಸೆಂಟಿಮೀಟರ್ ಒಳಗೆ. ಕೆಳಗಿನದರಿಂದ ತಣ್ಣನೆ ಗಾಳಿ ಬರುತ್ತದೆ, ಬಿಸಿ ಹೊಗೆ ಮೇಲಿನಿಂದ ಹೋಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆ ಹರಡುತ್ತದೆ. ಅದು ಹೊರಗೆ ಹೋಗುವುದೂ ಕೆಳಗಿನ ಕಿಂಡಿಯಿಂದಲೇ. ಹೊಗೆ ಕೊಳವೆ ಇರುವ ಉಪಕರಣಕ್ಕೆ ಅಮೆರಿಕದ ಲೆಕ್ಕ ಕಿಲೋವ್ಯಾಟಿಗೆ 5.5 ಚದರ ಸೆಂಟಿಮೀಟರ್, ಅಂದರೆ ನಮ್ಮ ಗೀಸರ್‌ಗೆ ಪ್ರತಿ ಕಿಂಡಿ ಸುಮಾರು 70. ಕೊಳವೆಯಿಲ್ಲದ ಗೀಸರ್‌ಗೆ ನಾನು ಅದರ ಮೂರು ಪಟ್ಟಿಗಿಂತ ಕಡಿಮೆ ಹೇಳುವುದಿಲ್ಲ. ಈ ಅಳತೆ ಬರಿಯ ತೂತಿನದಲ್ಲ, ನಿಜವಾಗಿ ಗಾಳಿ ಹಾಯುವ ಜಾಗದ್ದು. ಜಾಲರಿ, ಪಟ್ಟಿಗಳು, ಸೊಳ್ಳೆ ಮೆಶ್ ಸೇರಿ ಅರ್ಧದಷ್ಟು ಜಾಗ ತಿನ್ನುತ್ತವೆ; ಧೂಳು ಕೂತ ಮೆಶ್ ಇನ್ನೂ ಹೆಚ್ಚು. ಆದ್ದರಿಂದ 9 ಇಂಚು ಉದ್ದ, 9 ಇಂಚು ಅಗಲದ ಸಿಮೆಂಟ್ ಜಾಲಿ ಎರಡು ಕೂರಿಸಿ. ಒಂದೊಂದು ಸುಮಾರು 520 ಚದರ ಸೆಂಟಿಮೀಟರ್, ಅರ್ಧ ಹೋದರೂ 260 ಉಳಿಯುತ್ತದೆ. ಸೊಳ್ಳೆಗೆ ಮೆಶ್ ಹಾಕಲೇಬೇಕೆಂದರೆ ಬ್ರಶ್‌ನಿಂದ ಉಜ್ಜಲು ಕೈಗೆಟುಕುವಂತೆ ಹಾಕಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಮಡಿಕೇರಿ ಇನ್ನೂ ಮೇಲೆ. ಅಲ್ಲಿ ಗಾಳಿ ಶೇ. 10ರಷ್ಟು ತೆಳುವಾದ್ದರಿಂದ ಅಳತೆಯಲ್ಲಿ ಜಿಪುಣತನ ಬೇಡ.

ಅಪಾರ್ಟ್‌ಮೆಂಟಿನ ಡಕ್ಟ್ ಬಗ್ಗೆ ಒಂದು ಮಾತು. ಎಲ್ಲ ಮನೆಗಳ ಬಾತ್‌ರೂಮ್ ವೆಂಟಿಲೇಟರ್ ತೆರೆದುಕೊಳ್ಳುವ ಆ ಕಿರಿದಾದ ಬಾವಿಯಂಥ ಜಾಗವನ್ನು "ಹೊರಗೆ" ಎಂದು ಎಣಿಸಬೇಡಿ. ಮೇಲೆ ಶೀಟ್ ಹೊದಿಸಿದ್ದರಂತೂ ಕೆಳಗಿನ ಮನೆಯ ಹೊಗೆ ಮೇಲಿನ ಮನೆಯ ಬಾತ್‌ರೂಮಿಗೆ ನುಗ್ಗುತ್ತದೆ. ಗೀಸರೇ ಇಲ್ಲದ ಮನೆಯವರಿಗೂ ಅಪಾಯ. ಇದನ್ನು ಅಸೋಸಿಯೇಷನ್ ಸಭೆಯಲ್ಲಿ ಎತ್ತಲೇಬೇಕು.

ಫ್ಯಾನಿನಿಂದ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ತಳ್ಳುವ ಗೀಸರ್‌ಗಳೂ ಸಿಗುತ್ತವೆ. ಅವು ಉತ್ತಮ, ಆದರೆ ಉರಿಯಲು ಕೋಣೆಯ ಗಾಳಿಯನ್ನೇ ಬಳಸುತ್ತವೆ. ಒಳಬರುವ ಕಿಂಡಿ ಆಗಲೂ ಬೇಕು. ಕೊಳವೆ ಲೋಹದ್ದೇ ಇರಲಿ, ಹೊರಬದಿಗೆ ಸ್ವಲ್ಪ ಇಳಿಜಾರಾಗಿರಲಿ, ಇಲ್ಲದಿದ್ದರೆ ಆವಿ ತಣಿದ ನೀರು ಗೀಸರ್‌ಗೇ ಹಿಂದಿರುಗುತ್ತದೆ. ಗಾಳಿ, ಹೊಗೆ ಎರಡನ್ನೂ ಜೋಡಿ ಕೊಳವೆಯಲ್ಲಿ ಹೊರಗಿನಿಂದಲೇ ನಡೆಸುವ ಗೀಸರ್ ಎಲ್ಲಕ್ಕಿಂತ ಸುರಕ್ಷಿತ. ಯಾವುದೇ ಆಗಲಿ, ಭಾರತೀಯ ಮಾನಕ ಐಎಸ್ 15558ರ ಮುದ್ರೆ ನೋಡಿ ಕೊಳ್ಳಿ. ನೈಸರ್ಗಿಕ ಅನಿಲದ ಪೈಪ್‌ಲೈನ್ ಬಂದ ಬಡಾವಣೆಗಳಲ್ಲಿ ಎಲ್‌ಪಿಜಿ ಗೀಸರ್‌ನ ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಬಿಡಿಭಾಗ) ಬದಲಿಸದೆ ಹಾಗೇ ಜೋಡಿಸಬಾರದು.

ಗಾಳಿ ಇದ್ದರೂ ಉರಿ ಕೆಡುವುದು

ಬರ್ನರ್ ತೂತುಗಳಲ್ಲಿ ಧೂಳು, ಬಟ್ಟೆಯ ನೂಲು ಸೇರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಜೆಟ್ ಎದುರು ಜೇಡ ಬಲೆ ಕಟ್ಟುತ್ತದೆ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಮಳೆಗಾಲ ಮುಗಿದು ಅತಿಥಿಗಳು ಬರುವ ಮೊದಲು ಇದನ್ನು ನೋಡಲೇಬೇಕು. ಉರಿಯ ಮೇಲೆ ನೀರನ್ನು ಕಾಯಿಸುವ ತಾಮ್ರದ ರೆಕ್ಕೆಗಳ ನಡುವೆ ಮಸಿ ಕಟ್ಟಿದರೆ ಹೊಗೆ ಮೇಲೇರಲು ದಾರಿಯಿಲ್ಲದೆ ಉರಿಗೆ ಗಾಳಿ ಸಿಗುವುದಿಲ್ಲ, ಮಸಿ ಇನ್ನಷ್ಟು ಕಟ್ಟುತ್ತದೆ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮೊದಲು, ಮುಚ್ಚಳ ಬಿಚ್ಚಿ ಸ್ವಚ್ಛ ಮಾಡಿಸಿ. ನೀರು ಸಾಕಷ್ಟು ಬಿಸಿಯಾಗುವುದಿಲ್ಲವೆಂದು ಹೋಟೆಲ್ ಒಲೆಯ ಹೈ ಪ್ರೆಶರ್ ರೆಗ್ಯುಲೇಟರ್ ಹಾಕುವವರಿದ್ದಾರೆ. ಮನೆಯ ರೆಗ್ಯುಲೇಟರ್ ಗ್ಯಾಸನ್ನು ಚದರ ಸೆಂಟಿಮೀಟರಿಗೆ 30 ಗ್ರಾಂ ಒತ್ತಡದಲ್ಲಿ ಬಿಡುತ್ತದೆ, ಬರ್ನರ್ ತಯಾರಾಗಿರುವುದೂ ಅಷ್ಟಕ್ಕೇ. ಅದಕ್ಕಿಂತ ಹೆಚ್ಚು ಗ್ಯಾಸ್ ನುಗ್ಗಿದರೆ ಯಾವ ಗಾಳಿಯೂ ಸಾಲದು.

ಹಳದಿ ತುದಿ, ಓಲಾಡುವ ಉರಿ, ಗೀಸರ್ ಮೇಲ್ಭಾಗದ ಗೋಡೆಯಲ್ಲಿ ಕಪ್ಪು: ಇವು ಕಂಡರೆ ಆ ದಿನವೇ ನಿಲ್ಲಿಸಿ. ಹಾಗೆಂದು ಉರಿ ನೀಲಿಯಾಗಿದೆ ಎಂಬ ಕಾರಣಕ್ಕೆ ಮುಚ್ಚಿದ ಕೋಣೆಯಲ್ಲಿ ನಿಶ್ಚಿಂತರಾಗಬೇಡಿ.

ಕಿಂಡಿಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಲು ಮೊದಲು ಸೋಪಿನ ನೊರೆ ಹಚ್ಚಿ ಗ್ಯಾಸ್ ಜೋಡಣೆಗಳು ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಗೀಸರ್ ಹಚ್ಚಿ, ಯುಟಿಲಿಟಿಯ ಬಾಗಿಲು ಮುಚ್ಚಿ, ಎರಡು ನಿಮಿಷ ಬಿಟ್ಟು ಊದುಬತ್ತಿಯನ್ನು ಕಿಂಡಿಗಳ ಬಳಿ ಹಿಡಿಯಿರಿ. ಕೆಳಗಿನದರಲ್ಲಿ ಹೊಗೆ ಒಳಮುಖವಾಗಿ ಬಾಗಬೇಕು, ಮೇಲಿನದರಲ್ಲಿ ಹೊರಗೆ ಎಳೆದುಕೊಂಡು ಹೋಗಬೇಕು. ಅಡುಗೆಮನೆಯ ಚಿಮಣಿ ಫ್ಯಾನ್ ಹಾಕಿಯೂ ಇನ್ನೊಮ್ಮೆ ನೋಡಿ. ಬಲವಾದ ಚಿಮಣಿ ಈ ಹರಿವನ್ನು ತಿರುಗಿಸಿಬಿಡುವುದುಂಟು.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇಡಿ. ಅಂಗಡಿಯ "ಗ್ಯಾಸ್ ಲೀಕ್ ಡಿಟೆಕ್ಟರ್" ಬೇರೆ, ಅದು ಎಲ್‌ಪಿಜಿಯನ್ನಷ್ಟೇ ಹಿಡಿಯುತ್ತದೆ. ಡಬ್ಬದ ಮೇಲೆ ಇಎನ್ 50291 (ಯುರೋಪಿನ ಮಾನಕ) ಅಥವಾ ಯುಎಲ್ 2034 (ಅಮೆರಿಕದ್ದು) ಎಂದಿರಬೇಕು. ಮೊದಲನೆಯದು 50 ಪಿಪಿಎಂ ಒಂದರಿಂದ ಒಂದೂವರೆ ಗಂಟೆ ಇದ್ದರೆ, 300 ಪಿಪಿಎಂ ಆದರೆ ಮೂರು ನಿಮಿಷದೊಳಗೆ ಕೂಗುತ್ತದೆ. ಆವಿಗೆ ಸೆನ್ಸರ್ ಕೆಡುವುದರಿಂದ ಬಾತ್‌ರೂಮಿನ ಒಳಗೆ ಬೇಡ. ಬಾತ್‌ರೂಮಿನ ಬಾಗಿಲ ಹೊರಗೆ, ಮಲಗುವ ಕೋಣೆಯಲ್ಲಿ ಇಡಿ. ಸೆನ್ಸರ್ ಬಾಳಿಕೆಯ ಕೊನೆಯ ದಿನಾಂಕ ಅದರ ಮೇಲೇ ಇರುತ್ತದೆ.

ಬಾಡಿಗೆ ಮನೆ, ಮಾಲೀಕರು ಒಪ್ಪುತ್ತಿಲ್ಲ

ಗೀಸರ್ ಬಾತ್‌ರೂಮಿನೊಳಗೇ ಇದ್ದು ಇವತ್ತು ಬದಲಿಸಲು ಆಗದಿದ್ದರೆ, ಅದು ಉರಿಯುವಾಗ ಒಳಗೆ ಯಾರೂ ಇರಬಾರದು. ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಬಕೆಟ್ ತುಂಬಿಸಿ. ಗೀಸರ್ ಆರಿಸಿ, ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿ. ಬಾಗಿಲು ತೆರೆದೇ ಹತ್ತು ನಿಮಿಷ ಫ್ಯಾನ್ ಓಡಿಸಿ, ಆಮೇಲೆ ಸ್ನಾನ. ಪ್ರತಿಯೊಬ್ಬರಿಗೂ ಹೀಗೆಯೇ. ಬಕೆಟ್ ಬಿಸಿಯಾಗಿ ತುಂಬಿಸಿದರೆ ಹತ್ತು ನಿಮಿಷದಲ್ಲಿ ಅಷ್ಟೇನೂ ಆರುವುದಿಲ್ಲ. ಒಳಚಿಲಕದ ಬದಲು ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆರೆಯಬಹುದಾದ ಲಾಕ್ ಹಾಕಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ಒಳಗಿದ್ದವರು ಕೂಗಿದರೆ ಉತ್ತರ ಕೊಡದಿದ್ದರೆ ಕಾಯಬೇಡಿ. ಬಾಗಿಲು ಒಡೆಯಿರಿ, ಉಸಿರು ಬಿಗಿಹಿಡಿದು ಹೋಗಿ ಎಳೆದು ತನ್ನಿ, ಇನ್ನೊಬ್ಬರು ರೆಗ್ಯುಲೇಟರ್ ಮುಚ್ಚಲಿ. ತೆರೆದ ಗಾಳಿಯಲ್ಲಿ ಮಲಗಿಸಿ 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಗ್ಯಾಸ್ ಗೀಸರ್" ಎಂದಿರಲಿ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಬಹುದು. ಅದನ್ನು ನಂಬದೆ ಹಿಮೋಗ್ಲೋಬಿನ್‌ಗೆ ಈ ಅನಿಲ ಎಷ್ಟು ಅಂಟಿದೆ ಎಂದು ತಿಳಿಸುವ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಕೇಳಿ. ಸಾಮಾನ್ಯ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಗೀಸರ್ ಉರಿಯುತ್ತಿದ್ದಾಗ ಮನೆಯಲ್ಲಿದ್ದ ಉಳಿದವರಿಗೆ, ಮುಖ್ಯವಾಗಿ ಮಕ್ಕಳಿಗೆ, ತಲೆನೋವೋ ವಾಕರಿಕೆಯೋ ಇದ್ದರೆ ಅವರನ್ನೂ ಜೊತೆಯಲ್ಲೇ ಕರೆದೊಯ್ಯಿರಿ.